ಪೋಷಕತ್ವದಲ್ಲಿರುವ ಹುಡುಗನಿಗೆ ಜನವರಿಗೆ 18, ಮಾರ್ಚ್‌ಗೆ ಪರೀಕ್ಷೆ. ಮುಂದೆ?

ಹುಬ್ಬಳ್ಳಿ ಅಮ್ಮ:
ನಾಲ್ಕು ವರ್ಷದಿಂದ ಒಬ್ಬ ಹುಡುಗ ಪೋಷಕತ್ವ ಯೋಜನೆಯಲ್ಲಿ (ದತ್ತು ಅಲ್ಲ, ಆಸರೆ ಬೇಕಾದ ಮಗುವನ್ನು ಮನೆಯಲ್ಲಿಟ್ಟು ಸಾಕುವುದು) ನಮ್ಮ ಮನೆಯಲ್ಲಿದ್ದಾನೆ. ಈಗ ದ್ವಿತೀಯ ಪಿಯುಸಿ, ಕಾಮರ್ಸ್. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಿಂದ ತಿಂಗಳಿಗೆ 4000 ರೂಪಾಯಿ ಬರುತ್ತದೆ. 18 ತುಂಬಿದರೆ ಅದು ನಿಲ್ಲುತ್ತದೆ ಅಂದಿದ್ದಾರೆ. ಅವನನ್ನು ಕಳಿಸುವ ಮಾತೇ ಇಲ್ಲ. ಆದರೆ ಬಿಕಾಂ ಓದಿಸುವುದಾ, ಕೈಗೊಂದು ಕೆಲಸ ಕಲಿಸುವುದಾ? ಮನೆಯವರು ಎರಡನೆಯದು ಅನ್ನುತ್ತಾರೆ.

ಐಟಿಐ ಮೇಷ್ಟ್ರು:
ನಿಮ್ಮ ಯಜಮಾನರ ಮಾತಿನಲ್ಲಿ ತೂಕ ಇದೆ. ಬೇರೆ ಮಕ್ಕಳು ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸ ಹುಡುಕಬಹುದು. ಇವನಿಗೆ ಆ ಪುರುಸೊತ್ತು ಎಲ್ಲಿದೆ? ಎರಡು ವರ್ಷದ ಐಟಿಐ ಮುಗಿಸಿದರೆ ದುಡಿಮೆ ಶುರು. ಮತ್ತೆ ಓದಬೇಕು ಅನ್ನಿಸಿದರೆ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಲು ದಾರಿ ಇದೆ.

ಬಾಲಮಂದಿರದ ಹಳೇ ಹುಡುಗ:
ಮೇಷ್ಟ್ರೇ, ಐಟಿಐ ಬಗ್ಗೆ ನನ್ನ ತಕರಾರಿಲ್ಲ. 'ಇವನಿಗೆ ಪುರುಸೊತ್ತು ಎಲ್ಲಿ' ಅನ್ನುವ ಮಾತಿನ ಬಗ್ಗೆ ಇದೆ. ನನಗೂ ಹೀಗೇ ಹೇಳಿದ್ದರು. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮೂರು ಶಾಲೆ ಬದಲಾಗಿತ್ತು. ಒಂದು ಕಡೆ ಭಿನ್ನರಾಶಿ ಶುರುವಾಗುವ ಮೊದಲೇ ಹೊರಟೆ, ಇನ್ನೊಂದು ಕಡೆ ಸೇರುವಾಗ ಆ ಪಾಠ ಮುಗಿದಿತ್ತು. ಲೆಕ್ಕ ಬಾರದ ದಡ್ಡ ಅಂತಲೇ ಹೆಸರಾಯಿತು. 18ಕ್ಕೆ ಒಂದು ಟ್ರಂಕ್ ಹಿಡಿದು ಹೊರಬಂದೆ. ಕಾಲೇಜು ಸೇರಿದ್ದೆ, ಫೀಸು ಹೇಗೋ ಹೊಂದಿತು. ದಸರಾ ರಜೆಗೆ ಹಾಸ್ಟೆಲ್ ಖಾಲಿಯಾದಾಗ ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಹೊಂದಲಿಲ್ಲ. ಬಿಟ್ಟು ಹೋಟೆಲ್ ಕೆಲಸಕ್ಕೆ ಹೋದೆ. ಬಿಎ ಮುಗಿಸಿದ್ದು 27ಕ್ಕೆ. ನಿಮ್ಮ ಹುಡುಗನಿಗೆ ರಜೆಗೆ ಬರಲು ಮನೆ ಇದೆಯಲ್ಲ ಅಮ್ಮಾ, ಓದಿಸಿ.

ಮಕ್ಕಳ ರಕ್ಷಣೆ ಕಾರ್ಯಕರ್ತೆ:
'4000 ನಿಲ್ಲುತ್ತದೆ' ಅನ್ನುವುದು ಅರ್ಧ ಮಾತು. ಬಾಲನ್ಯಾಯ ಕಾಯ್ದೆ 2015ರಲ್ಲಿ 18ರಿಂದ 21ರವರೆಗೆ ಅನುಪಾಲನೆ, ಅಂದರೆ ಹಣದ ಅಥವಾ ಬೇರೆ ನೆರವು, ಇದೆ. 2016ರ ಮಾದರಿ ನಿಯಮಗಳಲ್ಲಿ ವಿಶೇಷ ಸಂದರ್ಭಕ್ಕೆ ಇನ್ನೂ ಎರಡು ವರ್ಷ ಇದೆ. ಇದು ನಿಮಗೆ ಬೇಕಾಗುತ್ತದೆ, ಯಾಕಂದರೆ ಬಿಕಾಂ ಮುಗಿಯುವಾಗ ಅವನಿಗೆ 21 ದಾಟಿ ಐದಾರು ತಿಂಗಳು ಆಗಿರುತ್ತದೆ.

ಒಂದು ತೊಡಕಿದೆ. ಆ ಕಾಯ್ದೆಯ ಕಲಂ 46 ಹೇಳುವುದು ಬಾಲಮಂದಿರದಂಥ ಸಂಸ್ಥೆಯಿಂದ ಹೊರಬರುವ ಮಕ್ಕಳ ಬಗ್ಗೆ. ಮನೆಯಲ್ಲಿ ಬೆಳೆದವರು ಕೇಳಿದಾಗ ಇದೇ ಸಾಲನ್ನು ಅಡ್ಡ ಇಡಬಹುದು. ಅದಕ್ಕೇ ಬಾಯಿಮಾತು ಬೇಡ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಈಗಲೇ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಸಂಸ್ಥೆ ಬಿಡುವ ಮಕ್ಕಳ ಮುಂದಿನ ಯೋಜನೆಯನ್ನು ಎರಡು ತಿಂಗಳು ಮೊದಲೇ ಸಮಿತಿಗೆ ಕೊಡಬೇಕು ಅಂತ ನಿಯಮವಿದೆ. ಇವನಿಗೂ ಹಾಗೇ ಮಾಡಿ ಅಂತ ಕೇಳಿ.

ಐಟಿಐ ಮೇಷ್ಟ್ರು:
ಇದು ನನಗೆ ಗೊತ್ತಿರಲಿಲ್ಲ. ಆದರೂ ದುಡ್ಡು ತಡವಾದರೆ ಕಾಲೇಜು ಕಾಯುತ್ತಾ?

ಬಾಲಮಂದಿರದ ಹಳೇ ಹುಡುಗ:
ಕಾಯಲ್ಲ, ನಿಜ. ಆದರೆ ಹುಡುಗ ಏನಂತಾನೆ? ಇಷ್ಟು ಹೊತ್ತು ನಾವೇ ಮಾತಾಡ್ತಿದ್ದೀವಿ ಅಲ್ವಾ.

ಹುಬ್ಬಳ್ಳಿ ಅಮ್ಮ:
ಈಗ ಕೇಳಿದೆ. ಜನವರಿಯಿಂದ ಬರುತ್ತೇನೆ ಅಂತ ಒಂದು ಗ್ಯಾರೇಜಿನಲ್ಲಿ ಆಗಲೇ ಮಾತಾಡಿ ಬಂದಿದ್ದಾನಂತೆ. ಪರೀಕ್ಷೆಗೂ ಮೊದಲೇ! ದುಡ್ಡು ನಿಂತ ಮೇಲೂ ಇಲ್ಲಿ ಸುಮ್ನೆ ಕೂತು ಊಟ ಮಾಡುವುದು ಹೇಗೆ ಅಂದ. ಮನೆಯವರು ಮಾತಾಡದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಿಳಿ ಹಾಳೆ, ಪೆನ್ನು ತಂದು ಅವನ ಮುಂದಿಟ್ಟರು. ಇಬ್ಬರೂ ಅರ್ಜಿ ಬರೆಯುತ್ತಿದ್ದಾರೆ. ಮೇಲೆ ಸಮಿತಿಯ ಹೆಸರು ಬರೆಯಬೇಕಾ, ಘಟಕದ್ದಾ?

ಮಕ್ಕಳ ರಕ್ಷಣೆ ಕಾರ್ಯಕರ್ತೆ:
ಎರಡಕ್ಕೂ ಬೇರೆ ಬೇರೆ ಅರ್ಜಿ ಮಾಡಿ. ಎರಡರಲ್ಲೂ ಅವನ ಸಹಿ ಇರಲಿ.