ಸ್ಪೈಗಳಾದಾಗಲೆಲ್ಲ ಸೋಲುತ್ತೇವೆ: ಆಡಿ ಬಲ್ಲವರು ದಾರಿ ತೋರಿಸಿ

ನಾವು ನಾಲ್ವರು ಗೆಳೆಯರು ‘ಸ್ಪ್ಲಿಂಟರ್ ಸೆಲ್: ಬ್ಲ್ಯಾಕ್‌ಲಿಸ್ಟ್’ ಎಂಬ ವಿಡಿಯೊ ಗೇಮ್‌ನ ‘ಸ್ಪೈಸ್ ವರ್ಸಸ್ ಮರ್ಕ್ಸ್’ ಆಡುತ್ತಿದ್ದೇವೆ. ಇಬ್ಬರ ಎದುರು ಇಬ್ಬರು ಆಡುವ ಕ್ಲಾಸಿಕ್ ಮಾದರಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಇಬ್ಬರು ಸ್ಪೈಗಳು ಕತ್ತಲಲ್ಲಿ ನುಸುಳಿ ಮೂರು ಕಂಪ್ಯೂಟರ್ ಟರ್ಮಿನಲ್‌ಗಳನ್ನು ಹ್ಯಾಕ್ ಮಾಡಬೇಕು. ಬಂದೂಕು, ಟಾರ್ಚ್ ಹಿಡಿದ ಇಬ್ಬರು ಮರ್ಕ್‌ಗಳು, ಅಂದರೆ ಬಾಡಿಗೆ ಸೈನಿಕರು, ಅದನ್ನು ತಡೆಯಬೇಕು. ಸಮಯ ಮುಗಿದ ಮೇಲೆ ಪಾಳಿ ಬದಲಾಗುತ್ತದೆ. ನಮ್ಮಲ್ಲಿ ಯಾರು ಮರ್ಕ್ ಆದರೂ ಗೆಲುವು ಅವರದೇ. ಹ್ಯಾಕ್ ಆರಂಭವಾದ ಕೂಡಲೇ ಮರ್ಕ್‌ಗಳಿಗೆ ಸೂಚನೆ ಹೋಗುತ್ತದೆ, ಇಬ್ಬರೂ ಓಡಿ ಬರುತ್ತಾರೆ, ಹ್ಯಾಕ್ ಮಾಡಿದವನು ಆ ಜಾಗ ಬಿಟ್ಟು ದೂರ ಹೋಗುವಂತಿಲ್ಲ, ಅಲ್ಲಿಗೆ ಕಥೆ ಮುಗಿಯುತ್ತದೆ. ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕುಳಿತರೂ ಸಿಕ್ಕಿಬೀಳುತ್ತೇವೆ. ಇಂಥ ಆಟಗಳನ್ನು ಆಡಿದವರು ನಿಮ್ಮ ಅನುಭವ ಹೇಳಿ. ಬೇರೆ ಆಟದ್ದಾದರೂ ಪರವಾಗಿಲ್ಲ.

* * *

ನಾನು ಈ ಮಾದರಿಯನ್ನು ಕಲಿತದ್ದು ಇದೇ ಸರಣಿಯ ಹಳೆಯ ಆಟಗಳಲ್ಲಿ: 2004ರ ‘ಪಂಡೋರಾ ಟುಮಾರೊ’ ಮತ್ತು 2005ರ ‘ಕೇಯಾಸ್ ಥಿಯರಿ’. ಬ್ಲ್ಯಾಕ್‌ಲಿಸ್ಟ್ ಬಂದದ್ದು 2013ರಲ್ಲಿ, ಅಷ್ಟರಲ್ಲಿ ಸಲಕರಣೆಗಳು ಸಾಕಷ್ಟು ಬದಲಾಗಿದ್ದವು. ಆದರೆ ನಿಮ್ಮ ತೊಂದರೆಗೆ ಮದ್ದು ಹಳೆಯ ಆಟದಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಆಗ ಮರ್ಕ್‌ಗೆ ಟಾರ್ಚ್ ಜೊತೆಗೆ ಎರಡು ಬಗೆಯ ನೋಟ ಇರುತ್ತಿತ್ತು. ಒಂದು ಚಲನೆಯನ್ನು ಹಿಡಿಯುತ್ತಿತ್ತು: ವೇಗವಾಗಿ ಓಡಾಡುವ ಯಾವುದರ ಸುತ್ತಲೂ ಪರದೆಯ ಮೇಲೆ ಚೌಕಟ್ಟು ಮೂಡುತ್ತಿತ್ತು. ಇನ್ನೊಂದು ವಿದ್ಯುತ್ಕಾಂತೀಯ ಸುಳಿವನ್ನು ಹಿಡಿಯುತ್ತಿತ್ತು: ಸ್ಪೈ ರಾತ್ರಿ ಕನ್ನಡಕ ಹಾಕಿಕೊಂಡರೆ ಸಾಕು, ಅದೇ ಅವನನ್ನು ತೋರಿಸಿಕೊಡುತ್ತಿತ್ತು. ಮೊದಲನೆಯದರಿಂದ ಪಾರಾಗಲು ನಿಧಾನವಾಗಿ ನಡೆಯಬೇಕು, ಎರಡನೆಯದರಿಂದ ಪಾರಾಗಲು ಕನ್ನಡಕ ತೆಗೆದು ಕುರುಡಾಗಿ ಸಾಗಬೇಕು, ಟಾರ್ಚ್‌ನಿಂದ ಪಾರಾಗಲು ಬೆಳಕಿನ ದಾರಿ ಬಿಟ್ಟು ಸರಿಯಬೇಕು. ಮೂರನ್ನೂ ಒಟ್ಟಿಗೆ ಮಾಡುತ್ತ ಹೋದರೆ ಟರ್ಮಿನಲ್ ಮುಟ್ಟುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಹಾಗಾಗಿ ಒಳ್ಳೆಯ ಸ್ಪೈ ಆದವನು ಮರ್ಕ್ ಈ ಕ್ಷಣದಲ್ಲಿ ಯಾವ ನೋಟದಲ್ಲಿದ್ದಾನೆ, ಯಾವ ಕಡೆ ತಿರುಗಿದ್ದಾನೆ ಎಂದು ಊಹಿಸಿ, ಅದಕ್ಕೆ ತಕ್ಕಂತೆ ಓಡುತ್ತಿದ್ದ ಅಥವಾ ನಿಲ್ಲುತ್ತಿದ್ದ. ಅವನು ನೋಡದಿರುವಾಗ ನಟ್ಟನಡುವೆ ಓಡಿದರೂ ಸಿಗುವುದಿಲ್ಲ. ನೋಡುತ್ತಿರುವಾಗ ಎಂಥ ಕತ್ತಲೆಯೂ ಕಾಪಾಡುವುದಿಲ್ಲ.

ಬ್ಲ್ಯಾಕ್‌ಲಿಸ್ಟ್‌ನಲ್ಲಿಯೂ ಇದೇ ಲೆಕ್ಕ. ಮರ್ಕ್ ಆಡುವವನಿಗೆ ಕಾಣುವುದು ಅವನ ಕಣ್ಣ ಮುಂದಿನದಷ್ಟೇ. ಸ್ಪೈ ಆದಾಗ ನಿಮಗೆ ಆಟ ತೋರಿಸುವ ಕ್ಯಾಮೆರಾ ನಿಮ್ಮ ಬೆನ್ನ ಹಿಂದೆ, ಸ್ವಲ್ಪ ಮೇಲಿದೆ. ಗೋಡೆಗೆ ಒರಗಿ ನಿಂತು ಕ್ಯಾಮೆರಾ ತಿರುಗಿಸಿದರೆ ತಲೆ ಹೊರಗೆ ಹಾಕದೆಯೇ ಮೂಲೆಯಾಚೆ ನೋಡಬಹುದು. ಸ್ಪೈಗಳಿಗೆ ಆಟ ಕೊಟ್ಟಿರುವ ಅತಿ ದೊಡ್ಡ ಅಸ್ತ್ರ ಇದು. ಹೊಸಬರು ಇದನ್ನು ಬಿಟ್ಟು ಸಲಕರಣೆಗಳ ಬೆನ್ನು ಹತ್ತುತ್ತಾರೆ. ಟಾರ್ಚ್ ಬೆಳಕೂ ನಿಮ್ಮ ಪಕ್ಷದ್ದೇ: ಮರ್ಕ್ ಎಲ್ಲಿ ನೋಡುತ್ತಿದ್ದಾನೆ ಎಂಬುದನ್ನು ಗೋಡೆಯ ಮೇಲೆ ಬರೆದು ತೋರಿಸುತ್ತದೆ.

ಕುಳಿತಲ್ಲೇ ಸಿಕ್ಕಿಬೀಳುತ್ತೇವೆ ಎಂದಿರಿ. ಎಲ್ಲಿ ಕುಳಿತಿದ್ದಿರಿ? ಟರ್ಮಿನಲ್‌ಗೆ ಅತಿ ಹತ್ತಿರದ ಕತ್ತಲೆ ಮೂಲೆಯಲ್ಲೇ ಕುಳಿತಿದ್ದಿರೇನೋ. ಬಂದವನು ಮೊದಲು ಬೆಳಕು ಬಿಡುವುದೇ ಅಲ್ಲಿಗೆ. ಅವನು ಒಮ್ಮೆ ನೋಡಿ ಮುಗಿಸಿದ ಜಾಗಕ್ಕೆ ಅವನ ಬೆನ್ನ ಹಿಂದೆಯೇ ಸರಿದುಕೊಳ್ಳಿ. ಹ್ಯಾಕ್‌ನ ವ್ಯಾಪ್ತಿಯೊಳಗೆ ಓಡಾಡಲು ಯಾವ ಅಡ್ಡಿಯೂ ಇಲ್ಲ.

* * *

ನಾನು ಹೆಚ್ಚು ಇಷ್ಟಪಡುವುದು ಮರ್ಕ್ ಆಗುವುದನ್ನು. ಆದ್ದರಿಂದ ಶತ್ರುಪಾಳಯದ ಗುಟ್ಟು ಹೇಳುತ್ತೇನೆ.

ನಾನು ಸ್ಪೈಯನ್ನು ಕಣ್ಣಿನಿಂದ ಹುಡುಕುವುದು ಕಡಿಮೆ. ಕಿವಿಯಿಂದ ಹುಡುಕುತ್ತೇನೆ, ಇಲ್ಲವೇ ಕೋಣೆಯಲ್ಲಿ ಏನು ಬದಲಾಗಿದೆ ಎಂಬುದರಿಂದ. ಈಗಷ್ಟೇ ದಾಟಿ ಬಂದ ಕೋಣೆಯಲ್ಲಿ ಉರಿಯುತ್ತಿದ್ದ ದೀಪ ಮರಳಿ ಬಂದಾಗ ಆರಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮುಚ್ಚಿದ್ದ ಬಾಗಿಲು ತೆರೆದಿದ್ದರೂ ಅಷ್ಟೆ. ಹೊಸ ಸ್ಪೈಗಳು ಹೋದಲ್ಲೆಲ್ಲ ದೀಪ ಆರಿಸುತ್ತ ತಾವು ಬಂದ ದಾರಿಯನ್ನು ತಾವೇ ಗುರುತು ಹಾಕಿಕೊಡುತ್ತಾರೆ. ಆರಿಸಲೇಬೇಕಿದ್ದರೆ ನೀವು ಹೋಗದ ಕಡೆಯದನ್ನು ಆರಿಸಿ. ನಾನು ಅಲ್ಲಿಗೇ ಹೋಗುತ್ತೇನೆ, ಗೊತ್ತಿದ್ದೂ ಹೋಗುತ್ತೇನೆ, ಏಕೆಂದರೆ ಹೋಗದೆ ಇರಲು ಧೈರ್ಯ ಬರುವುದಿಲ್ಲ.

ಈಗ ಹ್ಯಾಕ್ ಆರಂಭವಾದಾಗ ಮರ್ಕ್‌ನ ತಲೆಯೊಳಗೆ ಏನು ನಡೆಯುತ್ತದೆ ನೋಡಿ. ಯಾವ ಟರ್ಮಿನಲ್ ಎಂದು ಗೊತ್ತಾಯಿತು. ಅಲ್ಲಿಗೆ ಅತಿ ಹತ್ತಿರದ ದಾರಿ ಹಿಡಿದು ಓಡುತ್ತೇನೆ, ಪೈಪು ಹತ್ತಿ, ಗಾಳಿಯ ನಾಳದಲ್ಲಿ ತೆವಳಿ ಹೋಗುವ ದಾರಿಗಳು ನನಗಿಲ್ಲ. ಬಾಗಿಲಲ್ಲಿ ನಿಂತು ಎಡ ಮೂಲೆ, ಬಲ ಮೂಲೆ, ಮೇಜಿನ ಹಿಂದೆ ಬೆಳಕು ಬಿಡುತ್ತೇನೆ. ಹ್ಯಾಕ್‌ನ ಅಂಕಿ ಏರುತ್ತಿರುವುದು ಪರದೆಯ ಮೇಲೆ ಕಾಣುತ್ತಿರುತ್ತದೆ. ಅರ್ಧ ದಾಟಿದ ಮೇಲೆ ಕೈ ಅವಸರ ಮಾಡುತ್ತದೆ, ಟಾರ್ಚ್ ವೃತ್ತಗಳು ದೊಡ್ಡದಾಗುತ್ತವೆ, ಬೆನ್ನನ್ನು ಗೋಡೆಗೆ ಕೊಟ್ಟು ನಿಲ್ಲುವುದು ಮರೆತೇ ಹೋಗುತ್ತದೆ. ಹಿಂದಿನಿಂದ ಹಿಡಿಯಬೇಕಾದರೆ ಆಗ ಹಿಡಿಯಿರಿ. ಎದುರುಬದುರು ಸಿಕ್ಕರೆ ನಾನು ಗೆಲ್ಲುತ್ತೇನೆ, ಅದರಲ್ಲಿ ಅನುಮಾನ ಇಟ್ಟುಕೊಳ್ಳಬೇಡಿ.

ನಿಮ್ಮ ಗೆಳೆಯರು ಮರ್ಕ್ ಆದಾಗ ಇಬ್ಬರೂ ಓಡಿ ಬರುತ್ತಾರೆ ಎಂದಿರಿ. ಇದು ಕೇಳಿ ನನಗೆ ನಗು ಬಂತು, ಏಕೆಂದರೆ ನೀವು ದೂರುತ್ತಿರುವುದು ಅವರ ದೌರ್ಬಲ್ಯವನ್ನು. ಯಾವ ಬಾಗಿಲಿನಿಂದ, ಯಾವ ಹೊತ್ತಿಗೆ ಬರುತ್ತಾರೆ ಎಂದು ನಿಮಗೆ ಮೊದಲೇ ಗೊತ್ತಿದೆ. ಹ್ಯಾಕ್ ಮಾಡದ ಸ್ಪೈ ಏನು ಮಾಡುತ್ತಿದ್ದಾನೆ? ಅವನೂ ಅದೇ ಕೋಣೆಯಲ್ಲಿ ಅಡಗಿ ಕುಳಿತಿದ್ದರೆ ಒಬ್ಬ ಆಟಗಾರ ದಂಡ. ಆ ಬಾಗಿಲಿನ ಮೇಲಿನ ಪೈಪಿನಲ್ಲಿ ಅವನು ತೂಗಾಡುತ್ತಿರಲಿ. ಮೊದಲನೆಯ ಮರ್ಕ್‌ನನ್ನು ಒಳಗೆ ಹೋಗಲು ಬಿಟ್ಟು, ಎರಡನೆಯವನ ಮೇಲೆ ಬೀಳಲಿ. ಮುಂದಿನವನು ಸದ್ದಿಗೆ ತಿರುಗಿದರೆ ಒಳಗಿನ ಸ್ಪೈಗೆ ಅವನ ಬೆನ್ನು ಸಿಕ್ಕಿತು. ತಿರುಗದಿದ್ದರೆ ಮೇಲಿನವನಿಗೆ ಸಿಕ್ಕಿತು. ಒಮ್ಮೆ ಹೀಗಾದರೆ ಮುಂದಿನ ಸುತ್ತಿನಲ್ಲಿ ಅವರು ಒಟ್ಟಿಗೆ ಓಡಿ ಬರುವುದಿಲ್ಲ, ಮೇಲೆ ಕೆಳಗೆ ನೋಡುತ್ತ ನಿಧಾನವಾಗಿ ಬರುತ್ತಾರೆ. ಆ ನಿಧಾನವೇ ನಿಮಗೆ ಬೇಕಾದದ್ದು.

* * *

ಮೇಲಿನವರ ಮಾತಿಗೆ ನನ್ನದೊಂದು ತಕರಾರು. ಮರ್ಕ್‌ಗಳನ್ನು ಬೀಳಿಸುವ ಚಟ ಹತ್ತಿದ ಸ್ಪೈ ಟರ್ಮಿನಲ್ ಮರೆಯುತ್ತಾನೆ. ಬಿದ್ದ ಮರ್ಕ್ ಮತ್ತೆ ಎದ್ದು ಬರುತ್ತಾನೆ, ಆದರೆ ಹೋದ ಸಮಯ ಬರುವುದಿಲ್ಲ. ಹಳೆಯ ಆಟಗಳಲ್ಲಿ ಸ್ಪೈಗೆ ಗುಂಡು ಹಾರಿಸಿ ಕೊಲ್ಲುವ ಬಂದೂಕೇ ಇರಲಿಲ್ಲ, ಅದು ಒಳ್ಳೆಯದೇ ಆಗಿತ್ತು. ಕೊಲ್ಲಬೇಕಿದ್ದರೆ ಹತ್ತಿರ ಹೋಗಿ ಹಿಂದಿನಿಂದ ಕುತ್ತಿಗೆ ಹಿಡಿಯಬೇಕಿತ್ತು. ಹಿಡಿದ ಮೇಲೆ ಆ ಆಟಗಾರನ ಕಿವಿಯಲ್ಲಿ ಮೈಕ್ ಮೂಲಕ ಪಿಸುಗುಟ್ಟುವ ಅವಕಾಶವೂ ಇತ್ತು! ಎದುರಾಳಿಯ ಹೆಡ್‌ಫೋನ್‌ನಲ್ಲಿ ಇದ್ದಕ್ಕಿದ್ದಂತೆ ‘ನಮಸ್ಕಾರ’ ಎಂದು ಕೇಳಿಸಿದರೆ ಅವನು ಆ ಸುತ್ತಿನ ಉಳಿದ ಸಮಯವೆಲ್ಲ ಹಿಂದೆ ತಿರುಗಿ ನೋಡುತ್ತಲೇ ಕಳೆಯುತ್ತಿದ್ದ. ಅಷ್ಟು ಹೆದರಿಸಿದರೆ ಸಾಕು.

* * *

ನಾನು ನಿಮ್ಮ ಆಟ ಆಡಿಲ್ಲ. ‘ಸ್ಪೈಪಾರ್ಟಿ’ ಆಡಿದ್ದೇನೆ. ಕ್ರಿಸ್ ಹೆಕರ್ ಎಂಬುವರು ವರ್ಷಗಟ್ಟಲೆ ಕುಳಿತು ಕಟ್ಟಿದ ಆಟ, ಒಬ್ಬರ ಎದುರು ಒಬ್ಬರು. ಒಂದು ಔತಣಕೂಟ ನಡೆಯುತ್ತಿರುತ್ತದೆ. ಅತಿಥಿಗಳಲ್ಲಿ ಒಬ್ಬ ಮಾತ್ರ ಮನುಷ್ಯ ಆಡಿಸುವ ಗೂಢಚಾರ, ಉಳಿದವರನ್ನು ಕಂಪ್ಯೂಟರ್ ನಡೆಸುತ್ತದೆ. ಹೊರಗಿನಿಂದ ದೂರದರ್ಶಕದ ಬಂದೂಕು ಹಿಡಿದು ನೋಡುವವನಿಗೆ ಇರುವುದು ಒಂದೇ ಗುಂಡು. ಅಲ್ಲಿ ಕತ್ತಲೆಯೇ ಇಲ್ಲ, ಎಲ್ಲವೂ ಝಗಝಗಿಸುವ ಬೆಳಕಿನಲ್ಲಿ.

ಗೂಢಚಾರನ ಕೆಲಸಗಳಲ್ಲಿ ಒಂದು, ಇನ್ನೊಬ್ಬ ಏಜೆಂಟನಿಗೆ ಸಂಕೇತದ ಮಾತು ಹೇಳುವುದು. ಆ ಮಾತು ‘ಬನಾನಾ ಬ್ರೆಡ್’. ಅದು ಬಂದೂಕಿನವನಿಗೂ ಕೇಳಿಸುತ್ತದೆ. ಕೇಳಿದ ತಕ್ಷಣ ಅವನು ಆ ಹೊತ್ತಿಗೆ ಯಾರು ಯಾರು ಮಾತುಕತೆಯ ಗುಂಪುಗಳಲ್ಲಿದ್ದರು ಎಂದು ನೋಡುತ್ತಾನೆ. ಮಾತು ಮುಗಿಯುತ್ತಿದ್ದಂತೆ ಗುಂಪು ಬಿಟ್ಟು ಹೊರಟವನ ಮೇಲೆ ಅವನ ಅನುಮಾನ ನೆಡುತ್ತದೆ. ನುರಿತ ಗೂಢಚಾರ ಅಲ್ಲೇ ನಿಂತು, ಬೇಕಿಲ್ಲದ ಇನ್ನೊಂದಿಷ್ಟು ಹರಟೆ ಹೊಡೆದು, ಆಮೇಲೆ ಹೊರಡುತ್ತಾನೆ.

ಇದರಿಂದ ನಿಮಗೇನು ಪ್ರಯೋಜನ ಎಂದರೆ, ಸದ್ದು ಮಾಡದೆ ಇರಲು ಸಾಧ್ಯವೇ ಇಲ್ಲದ ಕ್ಷಣಗಳು ಎಲ್ಲ ಆಟಗಳಲ್ಲೂ ಇರುತ್ತವೆ. ನಿಮ್ಮಲ್ಲಿ ಅದು ಹ್ಯಾಕ್ ಆರಂಭಿಸುವ ಕ್ಷಣ. ಅದನ್ನು ಮುಚ್ಚಿಡಲು ಆಗುವುದಿಲ್ಲ. ಎದುರಾಳಿ ಅದರಿಂದ ಏನನ್ನು ಊಹಿಸುತ್ತಾನೆ ಎಂಬುದು ಮಾತ್ರ ನಿಮ್ಮ ಕೈಯಲ್ಲಿದೆ.

* * *

‘ಡೆಡ್ ಬೈ ಡೇಲೈಟ್’ ಆಡುವವರಿಗೆ ಇದೆಲ್ಲ ದಿನದ ಪಾಡು. ನಾಲ್ವರು ಬದುಕಿ ಉಳಿಯಬೇಕು, ಒಬ್ಬ ಕೊಲೆಗಾರ ಬೇಟೆಯಾಡುತ್ತಾನೆ. ಏಳು ಜನರೇಟರ್‌ಗಳಲ್ಲಿ ಐದನ್ನು ಸರಿಪಡಿಸಿದರೆ ಹೊರಬಾಗಿಲಿಗೆ ವಿದ್ಯುತ್ ಬರುತ್ತದೆ. ಓಡಿದರೆ ನಿಮ್ಮ ಹಿಂದೆ ಕೆಂಪು ಗೀರುಗಳು ಮೂಡುತ್ತವೆ, ಅವು ಕೊಲೆಗಾರನಿಗೆ ಕಾಣುತ್ತವೆ. ನಡೆದರೆ ಮೂಡುವುದಿಲ್ಲ. ಅಡ್ಡಬಂದ ಕಾಗೆ ಹಾರಿದರೂ ಅವನಿಗೆ ಸುಳಿವು ಸಿಗುತ್ತದೆ. ರಿಪೇರಿ ಮಾಡುವಾಗ ಗುಂಡಿ ಒತ್ತುವ ಹದ ತಪ್ಪಿದರೆ ಜನರೇಟರ್ ಢಮಾರ್ ಎನ್ನುತ್ತದೆ.

ಇಲ್ಲಿ ನಾನು ಕಂಡ ಒಂದು ಬಗೆಯ ಆಟಗಾರರಿದ್ದಾರೆ: ಆಟದ ತುಂಬ ಪೊದೆಯಲ್ಲೋ ಬೀರುವಿನಲ್ಲೋ ಅಡಗಿ, ಕೊಲೆಗಾರ ನನ್ನನ್ನು ನೋಡಲೇ ಇಲ್ಲ ಎಂದು ಬೀಗುವವರು. ಆ ಹೊತ್ತಿಗೆ ಉಳಿದ ಮೂವರೂ ಕೊಕ್ಕೆಯಲ್ಲಿ ನೇತಾಡುತ್ತಿರುತ್ತಾರೆ, ಜನರೇಟರ್‌ಗಳು ಹಾಗೇ ಬಿದ್ದಿರುತ್ತವೆ. ನಿಮ್ಮ ‘ಉಸಿರು ಬಿಗಿಹಿಡಿದು ಮೂಲೆಯಲ್ಲಿ’ ಎಂಬ ಮಾತು ಓದಿ ಅವರ ನೆನಪಾಯಿತು, ಬೇಸರ ಮಾಡಿಕೊಳ್ಳಬೇಡಿ. ಕೊಲೆಗಾರನ ಕಣ್ಣಿಗೆ ಬೇಕೆಂದೇ ಬಿದ್ದು ಅವನನ್ನು ಅಲೆದಾಡಿಸುವ ಒಬ್ಬ ಆಟಗಾರನಿದ್ದರೆ ಉಳಿದ ಮೂವರು ಹಾಯಾಗಿ ರಿಪೇರಿ ಮುಗಿಸುತ್ತಾರೆ. ಇಬ್ಬರೇ ಇರುವ ನಿಮ್ಮ ಆಟದಲ್ಲೂ ಒಬ್ಬ ಕಾಣಿಸಿಕೊಳ್ಳಲಿ.

* * *

ಮೂರು ಸಣ್ಣ ವಿಷಯಗಳು ಯಾರೂ ಹೇಳಲಿಲ್ಲ.

ಪರದೆಯ ಬೆಳಕು ಏರಿಸಿಕೊಂಡು ಆಡುವವರು ನಿಮ್ಮಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಗಾಮಾ ಏರಿಸಿದರೆ ಕತ್ತಲೆ ಬೂದು ಬಣ್ಣವಾಗುತ್ತದೆ, ಸ್ಪೈಗಳ ಆಟ ಅಲ್ಲಿಗೇ ಮುಗಿಯಿತು. ಗೆಳೆಯರ ನಡುವೆ ಇದನ್ನು ಬಾಯಿಮಾತಿನ ಒಪ್ಪಂದದಿಂದ ನಿಲ್ಲಿಸಬಹುದು. ಅಪರಿಚಿತರೊಂದಿಗೆ ಆಡುವಾಗ ನಿಲ್ಲಿಸಲಾಗದು, ಗೊಣಗಿಕೊಂಡು ಸುಮ್ಮನಾಗಬೇಕು.

ಎರಡನೆಯದು, ಜೋಡಿಗಳನ್ನು ಬದಲಾಯಿಸುತ್ತಿರಿ. ಅದೇ ಇಬ್ಬರು ಅದೇ ಇಬ್ಬರ ಎದುರು ಆಡಿದರೆ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಬಾಯಿಪಾಠವಾಗುತ್ತದೆ. ನಿಮ್ಮನ್ನು ಹಿಡಿಯುತ್ತಿರುವುದು ಟಾರ್ಚ್ ಆಗಿರಲಾರದು, ನಿಮ್ಮ ಸ್ವಭಾವದ ಪರಿಚಯ ಇರಬಹುದು.

ಮೂರನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮೈಕ್‌ನಲ್ಲಿ ‘ಅಲ್ಲಿದ್ದಾನೆ, ಅಲ್ಲಿದ್ದಾನೆ’ ಎಂದು ಕೂಗುವುದನ್ನು ಬಿಡಿ. ಅಲ್ಲಿ ಎಂದರೆ ಎಲ್ಲಿ? ಎದುರಾಳಿಗಳಿಲ್ಲದ ಹೊತ್ತಿನಲ್ಲಿ ಮ್ಯಾಪ್ ಸುತ್ತಾಡಿ ಪ್ರತಿ ಕೋಣೆಗೂ ಹೆಸರಿಡಿ. ಚಿಕ್ಕ ಹೆಸರು, ನಿಮ್ಮದೇ ಹೆಸರು: ಗಾಜಿನ ಕೋಣೆ, ಮುರಿದ ಏಣಿ, ನೀರಿನ ಪೈಪು. ‘ಒಬ್ಬ ಏಣಿ ಕೆಳಗೆ, ಬೆನ್ನು ನನ್ನ ಕಡೆ’ ಎಂದರೆ ಜೊತೆಗಾರನಿಗೆ ಎಲ್ಲವೂ ತಿಳಿಯಿತು. ಸ್ಪೈಗಳು ನಾಳದೊಳಗಿನ ತಿರುವುಗಳಿಗೂ ಹೆಸರಿಡಬೇಕು, ಕಾಣದೆ ಮಾತಾಡಬೇಕಾದವರು ಅವರೇ ಅಲ್ಲವೇ.

* * *

ಪ್ರಶ್ನೆ ಕೇಳಿದ್ದು ನಾನೇ. ಎಲ್ಲರಿಗೂ ಧನ್ಯವಾದ. ಬಾಗಿಲ ಮೇಲಿನ ಉಪಾಯವನ್ನು ಪ್ರಯತ್ನಿಸಿದೆವು, ಫಲಿಸಿತು. ಆದರೆ ಈಗ ಅವರು ಮದ್ದು ಕಂಡುಕೊಂಡಿದ್ದಾರೆ: ಓಡಿ ಬರುವುದನ್ನೇ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ಟರ್ಮಿನಲ್ ಪಕ್ಕದಲ್ಲಿ ಬೇರು ಬಿಟ್ಟು ನಿಂತಿದ್ದಾರೆ. ಇದಕ್ಕೇನು ಮಾಡುವುದು?

* * *

ಶತ್ರುಪಾಳಯದವನೇ ಮತ್ತೆ ಬಂದೆ. ಟರ್ಮಿನಲ್ ಮೂರು, ಮರ್ಕ್‌ಗಳು ಇಬ್ಬರು. ಬೇರು ಬಿಟ್ಟು ನಿಂತರೆ ಮೂರನೆಯದು ಬರಿದಾಗಿರುತ್ತದೆ, ಅದನ್ನು ಹ್ಯಾಕ್ ಮಾಡಿ. ಒಬ್ಬನಾದರೂ ಕದಲಲೇಬೇಕು, ಕದಲಿದವನು ಬಿಟ್ಟ ಜಾಗದ ಹತ್ತಿರ ನಿಮ್ಮ ಜೊತೆಗಾರ ಕಾದಿರಲಿ. ನಿಜವಾದ ಕಷ್ಟ ಬರುವುದು ಕೊನೆಯ ಟರ್ಮಿನಲ್ ಉಳಿದಾಗ, ಆಗ ಇಬ್ಬರೂ ಅಲ್ಲೇ ನಿಲ್ಲುತ್ತಾರೆ. ಹಾಗಾಗಿ ಯಾವುದನ್ನು ಕೊನೆಗೆ ಉಳಿಸಬೇಕು ಎಂಬುದನ್ನು ಆಟ ಶುರುವಾಗುವ ಮೊದಲೇ ತೀರ್ಮಾನಿಸಿ. ಹೆಚ್ಚಿನವರು ಸುಲಭದ್ದನ್ನು ಮೊದಲು ಮುಗಿಸಿ, ಒಂದೇ ಬಾಗಿಲಿನ ಕೋಣೆಯಲ್ಲಿರುವುದನ್ನು ಕೊನೆಗೆ ಇಟ್ಟುಕೊಂಡು ತಲೆ ಚಚ್ಚಿಕೊಳ್ಳುತ್ತಾರೆ. ತಿರುಗಿಸಿ ಆಡಿ. ಮರ್ಕ್‌ಗಳು ಹರಡಿಕೊಂಡಿರುವ ಆರಂಭದಲ್ಲೇ ಆ ಕಷ್ಟದ್ದನ್ನು ಮುಗಿಸಿ, ನಾಲ್ಕು ಕಡೆಯಿಂದ ನುಸುಳಬಹುದಾದ, ಮೇಲೆ ಪೈಪುಗಳಿರುವ ಕೋಣೆಯದನ್ನು ಕೊನೆಗೆ ಉಳಿಸಿ. ಇಬ್ಬರು ಮರ್ಕ್‌ಗಳು ಎಷ್ಟು ಚುರುಕಾಗಿದ್ದರೂ ನಾಲ್ಕು ದಿಕ್ಕಿಗೆ ಎರಡೇ ಟಾರ್ಚ್.