ಕೇಳಿದ ಕಥೆಯನ್ನು ಮಗು ತಿರುಗಿ ಹೇಳಲಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಪಾಠ ಮಾಡುವವರು ಷಾರ್ಲೆಟ್ ಮೇಸನ್ ಪದ್ಧತಿ ಅಂತ ಹೇಳುತ್ತಾರಲ್ಲ, ಅದು ನಮ್ಮಂಥವರಿಗೆ ಹೊಂದುತ್ತದಾ, ಮಕ್ಕಳ ಕನ್ನಡ ಏನಾಗುತ್ತದೆ ಅಂತ ಮೊನ್ನೆ ಒಬ್ಬರು ಕೇಳಿದ್ದರು. ನಾವು ಟೆಕ್ಸಾಸಿನ ಆಸ್ಟಿನ್ ಹತ್ತಿರ ಇದ್ದೇವೆ. ಮಗಳಿಗೆ ಎಂಟು ವರ್ಷ, ಮನೆಪಾಠ ಶುರುವಾಗಿ ಇದು ಮೂರನೇ ವರ್ಷ.

ಮೇಸನ್ ಇಂಗ್ಲೆಂಡಿನ ಟೀಚರ್. 1842ರಲ್ಲಿ ಹುಟ್ಟಿದವರು. 1892ರಲ್ಲಿ ಆಂಬಲ್‌ಸೈಡ್ ಅನ್ನುವ ಊರಲ್ಲಿ ತರಬೇತಿ ಶಾಲೆ ತೆರೆದು 1923ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಪಾಠದ ವೇಳಾಪಟ್ಟಿ, ಪುಸ್ತಕಗಳ ಪಟ್ಟಿ, ಪರೀಕ್ಷೆಯ ಪ್ರಶ್ನೆ ಎಲ್ಲವನ್ನೂ ಅಂಚೆಯಲ್ಲಿ ಕಳಿಸುತ್ತಿದ್ದರು. ತಮ್ಮ ದೇಶ ಬಿಟ್ಟು ದೂರ ಹೋದ ಬ್ರಿಟಿಷ್ ಕುಟುಂಬಗಳೂ ಅದನ್ನು ತರಿಸಿಕೊಳ್ಳುತ್ತಿದ್ದವು. ಅಂದರೆ ಪರದೇಶದಲ್ಲಿ ಮಕ್ಕಳನ್ನು ಬೆಳೆಸುವವರ ಚಿಂತೆ ಅವರಿಗೆ ಗೊತ್ತಿದ್ದದ್ದೇ.

ಅವರ ಪದ್ಧತಿಯಲ್ಲಿ ಬಹಳ ಸಂಗತಿ ಇವೆ. ನನಗೆ ನಿಜವಾಗಿ ಕೈ ಹಿಡಿದದ್ದು ಒಂದೇ: ತಿರುಗಿ ಹೇಳುವುದು. ಒಂದು ಕಥೆಯನ್ನೋ ಪಾಠವನ್ನೋ ಒಂದೇ ಸಲ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ ಮಗು ಅದನ್ನು ತನ್ನ ಮಾತಲ್ಲಿ ಹೇಳಬೇಕು. ನಡುವೆ ಪ್ರಶ್ನೆ ಕೇಳಬಾರದು, ತಿದ್ದಬಾರದು. ಎರಡನೇ ಸಲ ಓದುತ್ತೇವೆ ಅಂತ ಗೊತ್ತಾದರೆ ಮಗು ಮೊದಲ ಸಲ ಕಿವಿ ಕೊಡುವುದಿಲ್ಲ, ಅದಕ್ಕೇ ಒಂದೇ ಸಲ. ಆರು ವರ್ಷಕ್ಕೆ ಮುಂಚೆ ಇದನ್ನು ಕೇಳಲೇಬಾರದು ಅನ್ನುತ್ತಾರೆ ಅವರು.

ನಾನು ಇದನ್ನು ಕನ್ನಡಕ್ಕೆ ತಂದೆ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಎಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಬರುತ್ತಿರಲಿಲ್ಲ. ತೆನಾಲಿ ರಾಮನ ಬೆಕ್ಕಿನ ಕಥೆಯಿಂದ ಶುರು ಮಾಡಿದೆವು. ಮೊದಲ ದಿನ ಅವಳು ಹೇಳಿದ್ದು ಮೂರೇ ಮಾತು: "ಬೆಕ್ಕು ಇತ್ತು. ಹಾಲು ಬಿಸಿ. ಓಡಿಹೋಯ್ತು." ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. "ಬಿಸಿ ಹಾಲು ಯಾಕೆ ಕೊಟ್ಟ? ಪೂರ್ತಿ ಹೇಳು" ಅಂತ ಶುರು ಮಾಡಿದೆ. ಎರಡು ವಾರ ಹೀಗೇ ನಡೆದು ಕಥೆ ಪುಸ್ತಕ ಕಂಡರೆ ಅವಳು ಎದ್ದು ಹೋಗುವ ಹಾಗಾಯಿತು. ಆಮೇಲೆ ತಿದ್ದುವುದು ಪೂರ್ತಿ ಬಿಟ್ಟೆ. ಇಂಗ್ಲಿಷ್ ಪದ ಬಂದರೆ ಬರಲಿ, "ಹೋದನು" ಬದಲು "ಹೋದಳು" ಆದರೂ ಆಗಲಿ. ಮರುದಿನದ ಕಥೆಯಲ್ಲಿ ಆ ಪದವನ್ನು ಸರಿಯಾಗಿ ಬಳಸಿ ಓದುತ್ತಿದ್ದೆ, ಅಷ್ಟೇ. ಆರು ತಿಂಗಳಲ್ಲಿ ಅವಳು ಐದು ನಿಮಿಷ ನಿಲ್ಲಿಸದೆ ಹೇಳತೊಡಗಿದಳು.

ಈಗ ಶನಿವಾರ ರಾತ್ರಿ ಅಜ್ಜಿಗೆ ವಿಡಿಯೋ ಕಾಲ್. ಬೇಸಿಗೆಯಲ್ಲಿ ಇಲ್ಲಿ ಒಂಬತ್ತು ಅಂದರೆ ಊರಲ್ಲಿ ಭಾನುವಾರ ಬೆಳಗ್ಗೆ ಏಳೂವರೆ, ಅಮ್ಮ ಕಾಫಿ ಹಿಡಿದು ಕೂತಿರುತ್ತಾರೆ. ವಾರದ ಒಂದು ಕಥೆಯನ್ನು ಇವಳು ಅಜ್ಜಿಗೆ ಹೇಳಬೇಕು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಅಡ್ಡದಾರಿ ಇಲ್ಲ.

ಬರವಣಿಗೆಗೂ ಮೇಸನ್ ಅವರದೇ ದಾರಿ: ಒಂದು ಪುಟ ಸೊಟ್ಟಗೆ ಬರೆಯುವುದಕ್ಕಿಂತ ಒಂದೇ ಸಾಲನ್ನು ನೋಡಿಕೊಂಡು ಚೆನ್ನಾಗಿ ಬರೆಯುವುದು. ದಿನಕ್ಕೆ ಹತ್ತು ನಿಮಿಷ. ಒತ್ತಕ್ಷರ ಕಲಿತದ್ದೇ ಹೀಗೆ. ಎಂಟು ವರ್ಷದವರೆಗೆ ಯಾವ ಪಾಠವೂ ಇಪ್ಪತ್ತು ನಿಮಿಷ ದಾಟಬಾರದು ಅನ್ನುವುದು ಅವರ ನಿಯಮ, ನಮ್ಮ ಪಾಠ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತದೆ.

ಹೊರಗೆ ತಿರುಗುವ ವಿಷಯದಲ್ಲಿ ಮಾತ್ರ ನಾವು ಅವರ ಮಾತನ್ನು ತಲೆಕೆಳಗೆ ಮಾಡಿದ್ದೇವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹವೆ ಚೆನ್ನಾಗಿರುವ ದಿನ ಚಿಕ್ಕ ಮಕ್ಕಳು ನಾಲ್ಕರಿಂದ ಆರು ಗಂಟೆ ಹೊರಗಿರಬೇಕು ಅಂತಾರೆ ಅವರು. ಇಲ್ಲಿನ ಆಗಸ್ಟ್ ಬಿಸಿಲಲ್ಲಿ ಅದು ಆಗುವ ಮಾತಲ್ಲ. ನಮಗೆ ಅಕ್ಟೋಬರ್‌ನಿಂದ ಏಪ್ರಿಲ್. ನೋಡಿದ್ದನ್ನು ಚಿತ್ರ ಬಿಡಿಸಿ ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆಯುತ್ತಾಳೆ. ಕಾರ್ಡಿನಲ್ ಹಕ್ಕಿಗೆ ಅವಳೇ ಇಟ್ಟ ಹೆಸರು "ಕೆಂಪು ಜುಟ್ಟಿನಕ್ಕಿ". ನನಗೆ ಆ ದಿನ ಆದ ಸಂತೋಷ ಹೇಳತೀರದು.

ಎಲ್ಲವನ್ನೂ ಹಾಗೇ ತೆಗೆದುಕೊಳ್ಳಬೇಡಿ. ಮೇಸನ್ ಕ್ರೈಸ್ತ ಧರ್ಮವನ್ನು ಗಾಢವಾಗಿ ನಂಬಿದ್ದವರು. ಅಮೆರಿಕದಲ್ಲಿ ಅವರ ಹೆಸರಲ್ಲಿ ಸಿಗುವ ಪಠ್ಯಗಳಲ್ಲಿ ಬೈಬಲ್ ಪಾಠ ಜಾಸ್ತಿ ಇರುತ್ತದೆ, ದುಡ್ಡು ಕೊಡುವ ಮುಂಚೆ ನೋಡಿಕೊಳ್ಳಿ. ಆಗಿನ ಇತಿಹಾಸದ ಪುಸ್ತಕಗಳು ಬ್ರಿಟಿಷ್ ಸಾಮ್ರಾಜ್ಯದ ಕಣ್ಣಿಂದ ಬರೆದವು, ಭಾರತವನ್ನು ಅವುಗಳಿಂದ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನಾವು ಹಂಪಿ, ಬಾದಾಮಿ, ಕಿತ್ತೂರಿನ ಚೆನ್ನಮ್ಮ ಇವರ ಕಡೆ ಹೋಗುತ್ತೇವೆ.

ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಮನೆಶಾಲೆಯೂ ಖಾಸಗಿ ಶಾಲೆಯೇ. ನ್ಯೂಯಾರ್ಕಿನಲ್ಲಿ ವರ್ಷದ ಯೋಜನೆಯನ್ನೂ ಮೂರು ತಿಂಗಳಿಗೊಮ್ಮೆ ವರದಿಯನ್ನೂ ಕೊಡಬೇಕು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮನೆಶಾಲೆ ಕಷ್ಟವೇ, ಆದರೆ ತಿರುಗಿ ಹೇಳುವುದಕ್ಕೆ ಶಾಲೆ ಬಿಡಿಸಬೇಕಿಲ್ಲ. ಮಲಗುವ ಮುಂಚೆ ಹದಿನೈದು ನಿಮಿಷ ಸಾಕು.

ಆಸ್ಟಿನ್ ಸುತ್ತಮುತ್ತ ಇರುವವರು ಯಾರಾದರೂ ನೋಡಬೇಕು ಅಂದರೆ ಇಲ್ಲೇ ತಿಳಿಸಿ. ಭಾನುವಾರ ಬೆಳಗ್ಗೆ ಕೆರೆ ದಂಡೆಗೆ ಹೋಗುತ್ತೇವೆ, ಮಕ್ಕಳ ಕೈಗೆ ಒಂದು ಖಾಲಿ ನೋಟ್‌ಬುಕ್ ಕೊಟ್ಟು ಕರೆದುಕೊಂಡು ಬನ್ನಿ.