ಏರ್ ರೈಫಲ್ ಗ್ರೂಪ್ ಚದರಲತ್ತದ, ಕಸ್ಟಮ್ ಬ್ಯಾರೆಲ್ ಹಾಕಿಸ್ಲೇನ್ರಿ?

ತೊಗರಿಹೊಲ (ಕಲಬುರಗಿ):
ಶರಣ್ರಿ ಎಲ್ಲಾರಿಗೂ. ನನ್ನ ಬಲ್ಲಿ ಒಂದ್ ಬ್ರೇಕ್ ಬ್ಯಾರೆಲ್ (ಬ್ಯಾರೆಲ್ ಬಗ್ಗಿಸಿ ಗುಂಡು ತುಂಬೋದು) ಏರ್ ರೈಫಲ್ ಅದ, ಸ್ಪ್ರಿಂಗಿಂದು, ಬೋರ್ ಅಂದ್ರ ನಳಿಗಿ ತೂತು .177 ಇಂಚು. ಮ್ಯಾಲ ಸ್ಕೋಪ್ ಕೂಡಿಸೀನಿ, ಹೊಲದಾಗ ಮಣ್ಣಿನ ಒಡ್ಡಿಗಿ ಪೇಪರ್ ಹಚ್ಚಿ 25 ಮೀಟರಿಂದ ಹೊಡಿತೀನಿ. ಮೂರ್ ಗುಂಡ್ ಚಂದ ಒಂದ ಕಡಿ ಬೀಳ್ತಾವ, ನಾಕನೇದು ಎಲ್ಲೋ ಹೋಗ್ತದ, ಹತ್ತು ಹೊಡದ್ರ ಗ್ರೂಪ್, ಅಂದ್ರ ಗುಂಡು ಬಿದ್ದ ತೂತುಗಳ ಗುಂಪು, ಅಂಗೈ ಅಗಲ ಆಗ್ತದ. ಅಮೇರಿಕಾದಾಗ ಶಿಕಾರಿ ರೈಫಲಿಗಿ ಕಸ್ಟಮ್ ಬ್ಯಾರೆಲ್ ಹಾಕಿಸಿ ಮೂರೂ ಗುಂಡು ಒಂದ ತೂತಿನಾಗ ಹಾಕೋ ವಿಡಿಯೋ ನೋಡೀನಿ, ಅದಕ್ಕ ತಲಿ ಕೆಟ್ಟದ. ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡಿ ಲೇತ್ ಕೆಲಸ ಮಾಡೋ ಮಿಸ್ತ್ರಿ ಒಬ್ಬಾತ "ಬ್ಯಾರೆಲ್ ಬದ್ಲಿ ಮಾಡಿ ಕೊಡ್ತೀನಿ, ಬೇಕಂದ್ರ .22 ಮಾಡ್ತೀನಿ, ಪವರ್ ಜಾಸ್ತಿ ಬರ್ತದ" ಅನ್ಲತ್ತಾನ. ಹಾಕಿಸ್ಲೇನ್ರಿ? ಹೊಲಕ್ಕ ಕಾಡಹಂದಿ ಕಾಟನೂ ಅದ, ಅದಕ್ಕೂ ಉಪಯೋಗ ಆಗ್ತದೇನು?

ಬೀದರ್ ಕಾಕಾ:
ತಮ್ಮಾ, ಮಿಸ್ತ್ರಿ ಕಡಿ ಹೋಗಬ್ಯಾಡ. ನಿನ್ನ ರೈಫಲಿಗಿ ಲೈಸೆನ್ಸ್ ಬ್ಯಾಡ ಅನ್ನೋದು ಯಾಕ ಗೊತ್ತದೇನು, 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರ್ ಮತ್ತು 20 ಜೂಲ್ ಒಳಗ ಇರೋ ಏರ್ ಗನ್ನಿಗಿ ಅಷ್ಟೇ ಆ ರಿಯಾಯಿತಿ. .22 ಮಾಡಿಸಿದ್ರ ಆ ರಿಯಾಯಿತಿ ಹೊರಗ ಬಿದ್ದಿ. ಪವರ್ ಅಂತೀ, ಲೆಕ್ಕ ನೀನೇ ಮಾಡು, 0.53 ಗ್ರಾಂ ಪೆಲೆಟ್ (ಏರ್ ಗನ್ನಿನ ಸೀಸದ ಗುಂಡು) ಸೆಕೆಂಡಿಗಿ 275 ಮೀಟರ್ ಹೋದ್ರ 20 ಜೂಲ್ ಆಗಿಬಿಡ್ತದ. ಪೆಟ್ಟಿಗಿ ಮ್ಯಾಲ ಬರದಿರೋ ಸ್ಪೀಡೂ ಖರೇ ಇರಲ್ಲ ಬಿಡು, ಭಾಳ ಹಗುರ ಪೆಲೆಟ್ ಹಾಕಿ ತೋರಿಸಿರ್ತಾರ.

ಕಾಡಹಂದಿ ವಿಷಯ ಮನಸ್ಸಿನಿಂದ ತೆಗಿ. ನಮ್ಮ ದೇಶದಾಗ 1972ರ ವನ್ಯಜೀವಿ ಕಾಯ್ದಿ ಪ್ರಕಾರ ಶಿಕಾರಿ ಬಂದ್. ಹಂದಿಗಿ ಏರ್ ಗನ್ನಿಂದ ಹೊಡದ್ರ ಸಾಯಲ್ಲ, ಗಾಯ ಆಗಿ ನರಳ್ತದ. ಚಿಗರಿಗಿ (ಕೃಷ್ಣಮೃಗಕ್ಕ) ತಾಕಿತೋ ಅದು ಆ ಕಾಯ್ದಿಯ ಶೆಡ್ಯೂಲ್ ಒಂದು, ಅಂದ್ರ ಭಾಳ ರಕ್ಷಣಿ ಇರೋ ಪಟ್ಟಿಯಾಗಿನ ಪ್ರಾಣಿ, ಜೈಲಿನ ಮಾತು. ಬೆಳಿ ಹಾಳಾಗಿದ್ರ ಫಾರೆಸ್ಟ್ ಆಫೀಸಿಗಿ ಅರ್ಜಿ ಕೊಡು, ಫೋಟೋ ತೆಗದಿಟ್ಟುಕೋ.

ಗುರಿ ಸರಿ ಆಗಬೇಕಂದ್ರ ಬ್ಯಾರೆಲ್ ಚಲೋತ್ನಾಗ ಸ್ವಚ್ಛ ಮಾಡು, ದಿನಾ ಮಾಡು.

ಸುರಪುರದವ:
ಕಾಕಾರು ಹೇಳಿದ ಕಾಯ್ದಿ ಮಾತು ಪಕ್ಕಾ, ಆದ್ರ ದಿನಾ ಸ್ವಚ್ಛ ಮಾಡಬೇಕನ್ನೋದು ನಾ ಒಪ್ಪಂಗಿಲ್ರಿ. ಏರ್ ರೈಫಲಿನಾಗ ಮದ್ದು ಸುಡಂಗಿಲ್ಲ, ಹೊಲಸು ಕಮ್ಮಿ. ತೊಳದ ಮ್ಯಾಲ ಒಂದಿಷ್ಟು ಪೆಲೆಟ್ ಹೊಡಿಯೋ ತನಕ ಸೀಸದ ತೆಳು ಪದರ ಕೂಡಂಗಿಲ್ಲ, ಅಲ್ಲಿ ತನಕ ಗ್ರೂಪೂ ಕೂಡಂಗಿಲ್ಲ. ಗ್ರೂಪ್ ಕೆಟ್ಟಾಗ ಅಷ್ಟೇ ದಾರ ಕಟ್ಟಿ ಒಣ ಬಟ್ಟಿ ಎಳಿರಿ, ಕಬ್ಬಿಣದ ರಾಡ್ ಮೂತಿ ಕಡಿಂದ ತುರುಕಬ್ಯಾಡ್ರಿ, ಕ್ರೌನ್ ಅಂದ್ರ ಬ್ಯಾರೆಲ್ ಮೂತಿ ಅಂಚು ಹಾಳಾದ್ರ ಮುಗೀತು. ಕಿವಿಗಿ ಹಾಕೋ ಇಯರ್ ಬಡ್ ಮೂತಿ ಒಳಗಿನ ಅಂಚಿಗಿ ತಿರುಗಸ್ರಿ, ಹತ್ತಿ ಎಳಿ ಸಿಕ್ಕೊಂಡ್ರ ಅಲ್ಲಿ ಅಂಚು ಒರಟಾಗಿ ಎದ್ದದ ಅಂತ ತಿಳ್ಕೋರಿ.

ಈಗ ತೊಗರಿಹೊಲದ ಅಣ್ಣಾವ್ರಿಗೆ. ಸ್ಪ್ರಿಂಗ್ ಗನ್ ಅನ್ನೋದು ಪೆಲೆಟ್ ಹೊರಗ ಹೋಗೋಕ ಮುಂಚೇನೇ ಒದ್ದಾಡ್ತದ, ಪಿಸ್ಟನ್ ಮುಂದ ಓಡುವಾಗ ರೈಫಲ್ ಹಿಂದ ಬರ್ತದ, ಪಿಸ್ಟನ್ ನಿಂತಾಗ ಮತ್ತ ಮುಂದ ಜಿಗಿತದ. ಗಟ್ಟಿ ಹಿಡದ್ರ ಪ್ರತಿ ಸಲ ಬ್ಯಾರೆ ಬ್ಯಾರೆ ಕಡಿ ಒದಿತದ. ಅದಕ್ಕ ಮುಂದಿನ ಕೈ ಸಡಿಲ ಇಟ್ಟು ಅಂಗೈ ಮ್ಯಾಲ ಸುಮ್ನ ಕೂಡಿಸ್ರಿ, ದಿನಾ ಅದೇ ಜಾಗದಾಗ, ಭುಜಕ್ಕೂ ಹಗುರ. ಮರಳಚೀಲದ ಮ್ಯಾಲ ನೇರ ಇಡಬ್ಯಾಡ್ರಿ, ಚೀಲದ ಮ್ಯಾಲ ಕೈ, ಕೈ ಮ್ಯಾಲ ರೈಫಲ್. ಮೂರು ಗುಂಡಿನ ಗ್ರೂಪ್ ನೋಡಿ ಖುಷಿಪಡೋದು ಬಿಡ್ರಿ, ಹತ್ತರದ್ದು ನೋಡಿದ್ರ ಖರೇ ಗೊತ್ತಾಗ್ತದ.

ಇನ್ನ ಸ್ಟಾಕಿನ (ರೈಫಲ್ ಹಿಡಿಯೋ ಕಟ್ಟಿಗಿ ಅಥವಾ ಪ್ಲಾಸ್ಟಿಕ್ ಭಾಗದ) ಸ್ಕ್ರೂ, ಮುಂದಿನ ಎರಡೂ ಬಾಜೂದವು ಮತ್ತು ಟ್ರಿಗರ್ ಗಾರ್ಡಿಂದು, ಈ ಗುದ್ದಿಗಿ ಸಡಿಲ ಆಗತಾವ, ಕೂಡೋಕ ಮುಂಚೆ ಒಮ್ಮೆ ಬಿಗಿ ಮಾಡ್ರಿ. ಸ್ಕೋಪಿನ ಮೌಂಟ್ ಹಿಂದಕ್ಕ ಸರದದೇನು ನೋಡ್ಲಿಕ್ಕ ಪೆನ್ಸಿಲ್ ಗುರ್ತು ಹಾಕ್ರಿ. ಸ್ಕೋಪ್ ಯಾವುದು? ಸಾದಾ ರೈಫಲ್ ಸ್ಕೋಪ್ ಪ್ಯಾರಲಾಕ್ಸ್ (ಕಣ್ಣು ಸರದ್ರೂ ಗುರಿ ಸರಿಯದಂಗ ಹೊಂದಿಸಿದ ದೂರ) 100 ಗಜಕ್ಕ ಇಟ್ಟಿರ್ತಾರ, 25 ಮೀಟರಿಗೆ ಕಣ್ಣು ಸ್ವಲ್ಪ ಅತ್ಲಾಗ ಇತ್ಲಾಗ ಆದ್ರ ಗುರಿನೂ ಸರಿತದ.

ಪೆಲೆಟ್ಟೂ ಮುಖ್ಯ. ತಲಿ 4.50, 4.51, 4.52 ಮಿಲಿಮೀಟರ್ ಅಂತ ಬ್ಯಾರೆ ಬ್ಯಾರೆ ಬರ್ತಾವ, ಯಾವ ಬ್ಯಾರೆಲಿಗೆ ಯಾವುದು ಕೂಡ್ತದಂತ ಹೊಡದೇ ನೋಡಬೇಕು. ದುಂಡನೆ ತಲಿದು ತಗೊಳ್ರಿ, ಚಪ್ಪಟಿ ತಲಿದು 10 ಮೀಟರ್ ಪೇಪರಿಗೆ ಚಂದ ತೂತು ಮಾಡ್ತದ, 25ಕ್ಕ ಅಷ್ಟು ಚಲೋ ಅಲ್ಲ. ಹಿಂದಿನ ಲಂಗ (ಪೆಲೆಟ್ಟಿನ ಹಿಂದಿನ ತೆಳು ಅಗಲ ಅಂಚು) ಚಪ್ಪಟಿ ಆದವು ಆರಿಸಿ ಬಿಸಾಡ್ರಿ.

ತೊಗರಿಹೊಲ:
ಸುರಪುರದ ಅಣ್ಣಾವ್ರೇ, ಕೈ ಸಡಿಲ ಬಿಟ್ಟು ಹೊಡದೆ, ಫರಕ್ ಭಾಳ ಅದ್ರಿ, ಅಂಗೈ ಅಗಲ ಇದ್ದದ್ದು ಅರ್ಧಕ್ಕ ಬಂದದ. ಆದ್ರ ಆಗಾಗ ಒಂದು ಕಟ್ ಅಂತ ಜೋರ್ ಸಪ್ಪಳ ಆಗಿ ಮೂತಿಯಿಂದ ಹೊಗಿ ಬರ್ತದ, ಆ ಗುಂಡು ಮ್ಯಾಲ ಹೋಗ್ತದ. ಮಾರಿದ ಅಂಗಡಿಯಾತ "ಆಗಾಗ ಎಣ್ಣಿ ಬಿಡು" ಅಂತ ತಾನೇ ಹೊಲಿಗಿ ಮಷಿನ್ ಎಣ್ಣಿ ಬಿಟ್ಟು ಕೊಟ್ಟಿದ್ದ.

ಸುರಪುರದವ:
ಅದೇ ನೋಡ್ರಿ. ಪಿಸ್ಟನ್ ಗಾಳಿ ಒತ್ತಿದಾಗ ಒಳಗ ಬಿಸಿ ಭಾಳ ಆಗ್ತದ, ಎಣ್ಣಿ ಹೊತ್ಕೋತದ, ಡೀಸೆಲ್ ಇಂಜಿನ್ ಹಂಗ. ಒಂದ್ ಗುಂಡು ಜೋರ್, ಒಂದ್ ನಿಧಾನ, ಗ್ರೂಪ್ ಎತ್ತರ ತಗ್ಗು ಆಗೋದು ಅದಕ್ಕ. ಸ್ಪ್ರಿಂಗೂ ಸೀಲೂ ಹಾಳಾಗ್ತಾವ. ಇನ್ನ ಎಣ್ಣಿ ಬಿಡಬ್ಯಾಡ್ರಿ, ಹೊಡ್ಕೋತ ಹೋದ್ರ ತಾನೇ ಕಮ್ಮಿ ಆಗ್ತದ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಾಗ ರೈಫಲ್ ಕಾರ್ ಡಿಕ್ಕಿಯಾಗ ಇಡಬ್ಯಾಡ್ರಿ, ಗ್ರೀಸ್ ತೆಳ್ಳಗಾಗಿ ಮುಂದಕ್ಕ ಇಳಿತದ. ಹಂಗೇ ಬ್ರೀಚ್ ಸೀಲ್, ಅಂದ್ರ ಬ್ಯಾರೆಲ್ ಹಿಂದಿನ ಬಾಯಿಗಿ ಗಾಳಿ ಸೋರದಂಗ ಇರೋ ರಿಂಗ್, ನೋಡ್ರಿ, ಬ್ಯಾರೆಲ್ ಮುರಿಯೋ ಜೋಡಣಿ ಮ್ಯಾಲ ಟಿಶ್ಯೂ ಪೇಪರ್ ತುಂಡು ಇಟ್ಟು ಹೊಡೀರಿ, ಪೇಪರ್ ಹಾರಿದ್ರ ಗಾಳಿ ಸೋರ್ಲಿಕ್ಕತ್ತದ.

ಆಳಂದ ಹುಡ್ಗ:
ನಮ್ಮ ಅಕ್ಕನ ಗಂಡ ಟೆಕ್ಸಾಸಿನಾಗ ಅದಾನ್ರಿ, ಅಲ್ಲಿ ಲೈಸೆನ್ಸ್ ತಗೊಂಡು ಸೀಸನ್ನಿನಾಗ ಜಿಂಕಿ ಹೊಡಿತಾರ. ಆತನ .308 ಶಿಕಾರಿ ರೈಫಲಿಗಿ ಕಸ್ಟಮ್ ಬ್ಯಾರೆಲ್ ಅದ, ಆದ್ರ ಬ್ಯಾರೆಲ್ ಹಾಕಿಸಿದ ಕೂಡ್ಲೇ ಏನೂ ಸುಧಾರಿಸಿಲ್ಲಂತ. ಆಮ್ಯಾಗ ಡಾಲರ್ ನೋಟ್ ಬ್ಯಾರೆಲ್ಲಿಗೂ ಸ್ಟಾಕಿಗೂ ನಡುವ ತೂರಿಸಿ ನೋಡಿದ್ರ ಒಂದ್ ಕಡಿ ತಾಗ್ಲಿಕ್ಕತ್ತಿತ್ತು. ಅದನ್ನ ಸ್ವಲ್ಪ ಕೆರಸಿ, ಸ್ಕ್ರೂಗಳನ್ನ ಟಾರ್ಕ್ ಅಳದು ಬಿಗಿ ಮಾಡಿ, ಗುಂಡು ಒಂದೇ ಲಾಟಿಂದು ತಗೊಂಡು, ಬ್ಯಾರೆಲ್ ಬಿಸಿ ಆಗದಂಗ ತಡದು ತಡದು ಹೊಡದ ಮ್ಯಾಲ ಗ್ರೂಪ್ ಕೂಡ್ತು ಅಂದ. ನಿಮ್ಮ ಸ್ಪ್ರಿಂಗ್ ರೈಫಲಿಗಿ ನೋಟಿನ ಪರೀಕ್ಷೆ ಬ್ಯಾಡ್ರಿ, ಮುರಿಯೋ ಬ್ಯಾರೆಲ್ ಸ್ಟಾಕಿಗಿ ತಾಗಲ್ಲ, ಆದ್ರ ಸ್ಕ್ರೂ ಮತ್ತು ಪೆಲೆಟ್ ಮಾತು ಇಬ್ಬರಿಗೂ ಒಂದೇ.

ತೊಗರಿಹೊಲ:
ಟಿಶ್ಯೂ ಹಾರ್ತು. ಸೀಲ್ ಎಲ್ಲಿ ಸಿಗ್ತದ್ರಿ?

ಸುರಪುರದವ:
ಕಂಪನಿಗಿ ಮಾಡೆಲ್ ನಂಬರ್ ಹಾಕಿ ಮೆಸೇಜ್ ಮಾಡ್ರಿ, ಕೊರಿಯರಿನಾಗ ಕಳಿಸ್ತಾರ. ಸಿಗೋ ತನಕ ಹಳೇ ಸೀಲಿನ ಕೆಳಗ ತೆಳು ವಾಷರ್ ಕೊಟ್ಟು ಒಂದಿಷ್ಟು ಎತ್ತರಿಸ್ರಿ, ಭಾಳ ಎತ್ತರ ಮಾಡಿದ್ರ ಬ್ಯಾರೆಲ್ ಮುಚ್ಚಂಗಿಲ್ಲ. ಮಿಸ್ತ್ರಿಗಿ ಬ್ಯಾಡ ಅಂತ ಹೇಳ್ರಿ ಈಗ.